ನಮ್ಮವ್ವಗ ಇನ್ನೂ ಅದು ಇಸ್ಪೀಟೇ

ಮೊನ್ನೆ ದಸರಾ ಮುಂದ ಮನಿಗೆ ಬಣ್ಣ ಹಚ್ಚೋಣು ಅಂತ ಅಟ್ಟದ ಮ್ಯಾಲಿನ ಸಾಮಾನೆಲ್ಲ ಇಳಿಸಾಕತ್ತಿದ್ವಿ. ನಾನು ಏಣಿ ಮ್ಯಾಲೆ, ಅವ್ವ ಕೆಳಗ. ತುಕ್ಕು ಹಿಡಿದ ಒಂದು ಬಿಸ್ಕೀಟ್ ಡಬ್ಬಿ ಕೈಗೆ ಕೊಟ್ಟೆ, ಅಲ್ಲಾಡಿಸಿ ನೋಡಿದ್ಲು, ಮುಚ್ಚಳ ತೆಗೆದ್ಲು, "ಏ, ನಿನ್ನ ಇಸ್ಪೀಟ್ ಎಲಿ ಇಲ್ಲದಾವ ನೋಡ, ಒಲಿಗೆ ಹಾಕ್ಲೇನು" ಅಂದ್ಲು. ನನಗ ಮೂವತ್ತು ಹತ್ರ ಬಂತು, ತಲಿ ಕೂದ್ಲ ಉದುರಾಕತ್ಯಾವ, ಆಕಿಗೆ ಮಾತ್ರ ಅದು ಇನ್ನೂ ಇಸ್ಪೀಟೇ. ಏಣಿ ಎರಡೇ ಮೆಟ್ಟಲಿನಾಗ ಇಳಿದೆ ಅನ್ರಿ.

ಅದರಾಗಿದ್ದದ್ದು ಯುಗಿಯೋ ಕಾರ್ಡು, ಜಪಾನಿನ ಒಂದು ಕಥಿಯಿಂದ ಹುಟ್ಟಿದ ಆಟದ್ದು. ಸುತ್ತಿದ್ದ ರಬ್ಬರ್ ಬ್ಯಾಂಡ್ ಕರಗಿ ಮ್ಯಾಲಿನ ಕಾರ್ಡಿಗೆ ಹುಣಸೆಹಣ್ಣಿನ ಗತೆ ಅಂಟಿಬಿಟ್ಟಿತ್ತು, ಉಗುರಿಲೆ ಕೆರೆದು ತೆಗೆದ್ರ ಅದರ ಜೋಡಿ ಡ್ರ್ಯಾಗನ್ನಿನ ಒಂದು ರೆಕ್ಕಿನೂ ಬಂತು. ಕುಂತು ಎಣಿಸಿದೆ, ಒಟ್ಟು 67. ಅದರಾಗ ಬ್ಲೂ ಐಸ್ ವೈಟ್ ಡ್ರ್ಯಾಗನ್ನೇ 11. ಕಥಿ ಪ್ರಕಾರ ಇಡೀ ಜಗತ್ತಿನಾಗ ಈ ಕಾರ್ಡ್ ಇರೋದೇ ನಾಲ್ಕು, ಅದರಾಗ ಒಂದನ್ನ ನಾಯಕನ ಎದುರಾಳಿ ಕೈಬಾ ಹರಿದು ಒಗಿತಾನ, ಅಲ್ಲಿಗೆ ಮೂರು. ನಮ್ಮ ಗಂಗಾವತಿ ಮನಿ ಅಟ್ಟದಾಗ ಹನ್ನೊಂದು. ಒಂದೊಂದರ ಮ್ಯಾಲೆ ಅಟ್ಯಾಕ್ ನಂಬರ್ ಒಂದೊಂದು ಥರ, ಒಂದರಾಗ 3000 ಅಂತ ಸರಿ ಅದ, ಇನ್ನೊಂದರಾಗ 300, ಮತ್ತೊಂದರಾಗ 9000. ಮುದ್ರಿಸಿದವನಿಗೂ ಬೇಜಾರಾಗಿತ್ತೇನೋ.

ಗೊತ್ತಿಲ್ಲದವರಿಗೆ ಹೇಳ್ಬೇಕಂದ್ರ, ಯು-ಗಿ-ಓ ಅನ್ನೋದು ಜಪಾನಿನ ಮಾಂಗಾ, ಅಂದ್ರ ಚಿತ್ರಕಥಿ, ಕಜುಕಿ ತಕಾಹಾಶಿ ಅನ್ನೋವ್ರು ಬರೆದು ಚಿತ್ರ ತೆಗೆದದ್ದು, 1996ರಿಂದ 2004ರ ತನಕ ವೀಕ್ಲಿ ಶೋನೆನ್ ಜಂಪ್ ಅನ್ನೋ ವಾರಪತ್ರಿಕ್ಯಾಗ ಬಂತು, ಒಟ್ಟು 38 ಪುಸ್ತಕ. ಹೆಸರಿನ ಅರ್ಥ ಆಟಗಳ ರಾಜ. ಯುಗಿ ಅಂತ ಒಬ್ಬ ಕುಳ್ಳ ಹುಡುಗ, ಸಾಲ್ಯಾಗ ಎಲ್ಲಾರ ಕೈಲೆ ಹೊಡಿಸ್ಕೊಳ್ಳಾವ, ಅವನ ಅಜ್ಜಂದು ಆಟದ ಸಾಮಾನಿನ ಅಂಗಡಿ. ಬಿಡಿ ಬಿಡಿ ತುಂಡಾಗಿದ್ದ ಒಂದು ಬಂಗಾರದ ಪಜಲ್ ಜೋಡಿಸಿ ಮುಗಿಸ್ತಾನ, ಮುಗಿಸಿದ ಕೂಡ್ಲೆ ಈಜಿಪ್ಟಿನ ಹಳೇ ಫೇರೋ ಒಬ್ಬನ ಆತ್ಮ ಇವನ ಮೈಮ್ಯಾಲೆ ಬರ್ತದ. ಬೆಂಗಳೂರು ಹುಡುಗ್ರಿಗೆ ಇದು ಫ್ಯಾಂಟಸಿ ಅನ್ನಿಸಬೋದು, ಹುಲಿಗೆಮ್ಮನ ಜಾತ್ರಿಗೆ ಹೋಗಿ ಬಂದ ನಮಗೆ ಮೈಮ್ಯಾಲೆ ಬರೋದರಾಗ ಏನೂ ವಿಶೇಷ ಕಾಣಲಿಲ್ಲ, ದೇವರು ಕಾರ್ಡ್ ಆಡ್ತಾನಲ್ಲ ಅನ್ನೋದಷ್ಟೇ ಹೊಸಾದಿತ್ತು. ನಾವು ಟಿವ್ಯಾಗ ನೋಡಿದ್ದು 2000ದಾಗ ಜಪಾನಿನಾಗ ಶುರು ಆಗಿ 224 ಎಪಿಸೋಡ್ ನಡೆದ ಅನಿಮೆ, ಅಂದ್ರ ಅದರ ಕಾರ್ಟೂನ್. ಭಾಷೆ ಅರ್ಧ ತಿಳೀತಿತ್ತು, ಅರ್ಧ ಇಲ್ಲ, ಅದರಾಗೂ ಬರೋಬ್ಬರಿ ಡ್ರ್ಯಾಗನ್ ಬರೋ ಹೊತ್ತಿಗೆ ಕರೆಂಟ್ ಹೋಗ್ತಿತ್ತು.

ಕಾರ್ಡು ಸಿಗ್ತಿದ್ದದ್ದು ಸಾಲಿ ಗೇಟಿನ ಎದುರಿಗಿನ ಸಣ್ಣ ಅಂಗಡ್ಯಾಗ. ಶಾಂಪೂ ಪಾಕೀಟು, ಗುಟ್ಕಾ ಮಾಲಿ, ಅದರ ಪಕ್ಕದಾಗ ಯುಗಿಯೋ ಮಾಲಿ. ಎರಡು ರೂಪಾಯಿಗೆ ಒಂದು ಪಾಕೀಟು. ಅಂಗಡಿ ಅಜ್ಜ ಕತ್ರಿ ತಗೊಂಡು ಕತ್ತರಿಸಿ ಕೊಡ್ತಿದ್ದ, ಪಾಕೀಟು ಮುಟ್ಟಿ ನೋಡಿ ಆರಿಸಾಕ ಬಿಡ್ತಿದ್ದಿಲ್ಲ, "ಮುಟ್ಟಿದ್ದು ನಿಂದ, ತಗೊ" ಅಂತಿದ್ದ. ಯುಗಿಯ ಅಜ್ಜನ ಅಂಗಡಿ ಅಂದ್ರ ನನ್ನ ತಲ್ಯಾಗ ಇವತ್ತಿಗೂ ಬರೋದು ಆ ಕತ್ರಿನ. ಅಸಲಿ ಕಾರ್ಡ್ ಮಾಡೋದು ಕೊನಾಮಿ ಅನ್ನೋ ಕಂಪನಿ, 1999ರಾಗ ಜಪಾನಿನಾಗ ಮಾರಾಕ ಶುರು ಮಾಡಿದ್ರು, 2011ರ ಮಾರ್ಚ್ ಹೊತ್ತಿಗೆ 2500 ಕೋಟಿಗಿಂತ ಜಾಸ್ತಿ ಕಾರ್ಡ್ ಮಾರಿದ್ರು, ಗಿನ್ನೆಸ್ ದಾಖಲಿ ಅದು. ಆ 2500 ಕೋಟಿಯೊಳಗ ನಮ್ಮ ಓಣಿಗೆ ಒಂದೂ ಬಂದಿಲ್ಲ, ನಾನು ಖಾತ್ರಿ ಹೇಳ್ತೀನಿ. ನಮ್ಮವೆಲ್ಲ ಡೂಪ್ಲಿಕೇಟು. ಡೂಪ್ಲಿಕೇಟ್ ಅಂತ ಆಗ ಗೊತ್ತಿದ್ದಿಲ್ಲ, ಗೊತ್ತಿದ್ರೂ ಎರಡು ರೂಪಾಯ್ಗೆ ಇನ್ನೇನು ಕೊಡ್ತಾರ.

ಈಗ ಇಸ್ಪೀಟ್ ಕಥಿ. ನಮ್ಮ ಕಡೆ ಪೇಪರ್ ಓದೋರಿಗೆ ಗೊತ್ತು, ಇಸ್ಪೀಟ್ ಅಡ್ಡೆ ಮೇಲೆ ದಾಳಿ, ಇಷ್ಟು ಮಂದಿ, ಇಷ್ಟು ರೊಕ್ಕ ವಶ ಅಂತ ಮೂಲಿಯೊಳಗ ಒಂದು ಸುದ್ದಿ ಇದ್ದೇ ಇರ್ತದ. ಹಿಂಗಾಗಿ ಮನ್ಯಾಗ ಎಲಿ ಅನ್ನೋ ಶಬ್ದನ ಕೆಟ್ಟದು. ಒಂದು ಬ್ಯಾಸಗಿ ಸೂಟ್ಯಾಗ ನಾಲ್ಕು ಮಂದಿ ಹುಡುಗ್ರು ಬೇವಿನ ಗಿಡದ ಕಟ್ಟಿ ಮ್ಯಾಲೆ ಕುಂತು ಆಡಾಕತ್ತಿದ್ವಿ, ಯಾರೋ ಪುಣ್ಯಾತ್ಮರು ಹೋಗಿ ಅಪ್ಪಗ "ನಿಮ್ಮ ಹುಡುಗ ಹಗಲೊತ್ತಿನ್ಯಾಗ ಎಲಿ ಹಾಕ್ಕೊಂಡು ಕುಂತಾನ" ಅಂತ ಹೇಳ್ಯಾರ. ಅಪ್ಪ ಬಂದ. ಬಂದವ ಹೊಡಿಲಿಲ್ಲ, ಕಾರ್ಡೆಲ್ಲ ಕಸ್ಕೊಂಡು ಅಲ್ಲೇ ಕಟ್ಟಿ ಮ್ಯಾಲೆ ಕುಂತು ಒಂದೊಂದೇ ಎಣಿಸಿದ. "ಐವತ್ತೆರಡರ ಮ್ಯಾಲೆ ಹೋಗ್ಯಾವಲ್ಲೋ, ಇದು ಎಂಥಾ ಕಟ್ಟು?" ಅಂದ. ಆಮ್ಯಾಲೆ ಡಾರ್ಕ್ ಮೆಜಿಶಿಯನ್ ಕೈಯಾಗ ಹಿಡ್ಕೊಂಡು "ಇವ ಏನು, ರಾಜನೋ ಗುಲಾಮನೋ?" ಅಂತ ಕೇಳಿದ. ಅಲ್ಲಪ್ಪ, ಇವ ಮಂತ್ರವಾದಿ, 2500 ಅದಾನ ಅಂದೆ. 2500 ಅಂದ್ಕೂಡ್ಲೆ ಅಪ್ಪನ ಮುಖ ಬದಲಾತು, "ಎಷ್ಟು ರೊಕ್ಕ ಹಚ್ಚೀರಿ ಖರೇ ಹೇಳು." ರೊಕ್ಕ ಇಲ್ಲಪ್ಪ, ಸೋತವ ಒಂದು ಕಾರ್ಡ್ ಕೊಡ್ಬೇಕು ಅಷ್ಟೇ ಅಂದೆ. "ಅದೂ ಜೂಜೇ." ಮುಗೀತು, ಇನ್ನ ಮಾತಿಲ್ಲ. ಕಾರ್ಡ್ ಒಂದು ತಿಂಗಳು ಕಪಾಟಿನ ಟ್ರೆಜರ್‍ಯಾಗ.

ಈಗ ವಿಚಾರ ಮಾಡಿದ್ರ ಅಪ್ಪ ಹೇಳಿದ್ದು ತಪ್ಪಲ್ಲ. ಕಥ್ಯಾಗ ಬ್ಯಾಟಲ್ ಸಿಟಿ ಅಂತ ಒಂದು ಟೂರ್ನಮೆಂಟ್ ಬರ್ತದ, ಅಲ್ಲಿ ಸೋತವ ತನ್ನ ಕಡೆ ಇರೋ ಅಪರೂಪದ ಕಾರ್ಡ್ ಗೆದ್ದವಗ ಕೊಡ್ಬೇಕು ಅಂತನ ರೂಲ್. ನಾವು ಎಲ್ಲಿಂದ ಕಲ್ತಿದ್ವೋ ಅಲ್ಲೇ ಇತ್ತು ಜೂಜು.

ಆದ್ರ ಆ ಒಂದು ರೂಲ್ ಬಿಟ್ರ ಬ್ಯಾರೆ ಯಾವ ರೂಲೂ ನಮಗ ಗೊತ್ತಿದ್ದಿಲ್ಲ ಅನ್ನೋದೇ ಈ ಪೋಸ್ಟ್ ಬರೆಯಾಕ ಕಾರಣ. ಒಂದೂ ಅಂದ್ರ ಒಂದೂ ಗೊತ್ತಿದ್ದಿಲ್ಲ ನೋಡ್ರಿ. ಕಾರ್ಡಿನ ಕೆಳಗ ಬರೆದದ್ದು ಓದೋಣಂದ್ರ ಡೂಪ್ಲಿಕೇಟ್ ಕಾರ್ಡಿನ ಅಕ್ಷರ ಇರುವಿ ಸಾಲಿದ್ದಂಗ, ಇಂಗ್ಲಿಷೋ ಅಲ್ಲೋ ಅದೂ ಅನುಮಾನ. ಟಿವಿ ನೋಡಿ ಕಲಿಯೋಣಂದ್ರ ಅಲ್ಲೂ ಇಲ್ಲ. ಅದು ಯಾಕಂತ ಬಹಳ ವರ್ಷದ ಮ್ಯಾಲೆ ತಿಳೀತು. ಅಮೆರಿಕಾದಾಗ ಇಂಗ್ಲಿಷಿಗೆ ಮಾಡಿದ 4ಕಿಡ್ಸ್ ಅನ್ನೋ ಕಂಪನಿಯವರು ಪರದೆ ಮ್ಯಾಲೆ ಕಾರ್ಡ್ ತೋರ್ಸೋ ಕಡೆಯೆಲ್ಲ ಅದರ ಮ್ಯಾಲಿನ ಬರಹ ಅಳಿಸಿ ಬರೇ ಚಿತ್ರ, ಚುಕ್ಕಿ, ನಂಬರ್ ಉಳಿಸಿದ್ರು. ಬಂದೂಕನ್ನೂ ಅಳಿಸಿದ್ರು, ಅದಕ್ಕ ಕಪ್ಪು ಕೋಟಿನ ಗೂಂಡಾಗಳು ಬರೇ ಬೆರಳು ತೋರಿಸಿ ಹೆದರಿಸ್ತಿದ್ರು, ನಮಗ ಆಗ ಜಪಾನಿನಾಗ ಬೆರಳು ತೋರ್ಸಿದ್ರ ಮಂದಿ ಹಿಂಗ ಹೆದರ್ತಾರೇನೋ ಅನ್ನಿಸಿತ್ತು. ಸಾವನ್ನೂ ಅಳಿಸಿ ಶ್ಯಾಡೋ ರೆಲ್ಮ್ ಅಂತ ಒಂದು ಕತ್ತಲ ಲೋಕ ಮಾಡಿದ್ರು.

ಹಿಂಗಾಗಿ ರೂಲ್ ನಾವೇ ಮಾಡ್ಕೊಂಡ್ವಿ. ನಂಬರ್ ದೊಡ್ಡದಿದ್ದವ ಗೆದ್ದ, ಇದು ಮೊದಲ್ನೇದು. ಬರ್ತಾ ಬರ್ತಾ ಅದು ಬ್ಯಾಸರ ಆತು, ಯಾಕಂದ್ರ 9000ದ ಬ್ಲೂ ಐಸ್ ನನ್ನ ಹತ್ರ ಇತ್ತು, ಯಾರೂ ನನ್ನ ಜೋಡಿ ಆಡಾಕ ಬರ್ತಿದ್ದಿಲ್ಲ. ಆಮ್ಯಾಲೆ ಚಿತ್ರ ನೋಡಿ ವಾದ ಮಾಡೋದು ಶುರು ಆತು. ಡ್ರ್ಯಾಗನ್ ಬೆಂಕಿ ಉಗುಳ್ತದ, ನಿಂದು ಮೀನು, ಮೀನು ಸುಡ್ತದ. ಇಲ್ಲ, ಮೀನು ನೀರಾಗದ, ಬೆಂಕಿ ಆರ್ತದ. ನೀರು ಎಲ್ಲದ ತೋರ್ಸು. ಚಿತ್ರದಾಗ ಹಿಂದ ನೀಲಿ ಕಾಣ್ತದಲ್ಲ. ಅದು ಆಕಾಶ. ಹಿಂಗ ಒಂದೊಂದು ಕಾರ್ಡಿಗೆ ಅರ್ಧ ತಾಸು. ಪಾಟ್ ಆಫ್ ಗ್ರೀಡ್ ಅಂತ ಒಂದು ಹಲ್ಲು ಕಿರಿಯೋ ಗಡಿಗಿ ಕಾರ್ಡ್ ಅದ, ಅದು ಹಾಕಿದ್ರ ಎರಡು ಕಾರ್ಡ್ ಎಳ್ಕೋಬೋದು, ಅದರ ಕೆಲಸ ಅಷ್ಟೇ, ಅಷ್ಟಕ್ಕೇ ಅಸಲಿ ಆಟದಾಗ ಅದು ಬ್ಯಾನ್ ಆಗಿ ಎಷ್ಟೋ ವರ್ಷ ಆತು. ನಮ್ಮ ಓಣ್ಯಾಗ ಅದು ಹಾಕಿದವ ಎದುರಿನವನ ಕೈಯಾಗಿನ ಎರಡು ಕಾರ್ಡ್ ಕಸಗೊಂಡು ಹೋಗ್ತಿದ್ದ. ಮುಖ ನೋಡ್ರಿ ಅದರದು, ಕಸಗೊಳ್ಳೋ ಮುಖನ ಅದು.

ದೊಡ್ಡವಾಗಿ ಫೋನು ಇಂಟರ್ನೆಟ್ಟು ಬಂದ ಮ್ಯಾಲೆ ಅಸಲಿ ರೂಲ್ ಓದಿದೆ. ಕಟ್ಟಿನಾಗ ಕಮ್ಮಿ ಅಂದ್ರ 40 ಕಾರ್ಡ್, ಜಾಸ್ತಿ ಅಂದ್ರ 60, ಒಂದೇ ಕಾರ್ಡ್ ಮೂರರ ಮ್ಯಾಲೆ ಇಡಂಗಿಲ್ಲ, ಇಬ್ಬರಿಗೂ 8000 ಲೈಫ್ ಪಾಯಿಂಟ್ ಅಂದ್ರ ಜೀವದ ಅಂಕ, ಬ್ಲೂ ಐಸ್‌ನಂಥ ದೊಡ್ಡ ಡ್ರ್ಯಾಗನ್ ಇಳಿಸ್ಬೇಕಂದ್ರ ಮೊದ್ಲು ಎರಡು ಸಣ್ಣ ಮಾನ್‌ಸ್ಟರ್ ಬಲಿ ಕೊಡ್ಬೇಕು. ಓದ್ತಾ ಓದ್ತಾ ನಾಚಿಕೆ ಆತು ಖರೇನ, ಅಷ್ಟು ವರ್ಷ ನಾವು ಏನಾಡಿದ್ವಪ್ಪಾ ಅಂತ. ನನ್ನ 11 ಬ್ಲೂ ಐಸ್ ಕಟ್ಟು ಮೊದಲ್ನೇ ಸಾಲಿನಾಗ ಔಟ್.

ಆ ನಾಚಿಕೆ ಹೋಗಿದ್ದು ಮಾಂಗಾ ಓದಿದ ಮ್ಯಾಲೆ. ತಕಾಹಾಶಿ ಶುರು ಮಾಡಿದಾಗ ಅದು ಕಾರ್ಡಿನ ಕಥಿನೇ ಅಲ್ಲ, ವಾರಕ್ಕೊಂದು ಬ್ಯಾರೆ ಬ್ಯಾರೆ ಆಟದ ಕಥಿ. ಕಾರ್ಡಿನ ಆಟ ಅದರಾಗ ಬರೇ ಒಂದು, ಮ್ಯಾಜಿಕ್ ಆಂಡ್ ವಿಜರ್ಡ್ಸ್ ಅಂತ ಹೆಸರಿಟ್ಟಿದ್ರು, ಅಮೆರಿಕಾದ ಮ್ಯಾಜಿಕ್ ದ ಗ್ಯಾದರಿಂಗ್ ಅನ್ನೋ ಆಟ ನೋಡಿ ಮಾಡಿದ್ದು. ಬಂದು ಹೋಗ್ಬೇಕಿತ್ತು, ಅಷ್ಟೇ. ಓದೋ ಹುಡುಗ್ರು ಆ ಆಟದ ಬಗ್ಗೆ ಇನ್ನೂ ಹೇಳ್ರಿ ಅಂತ ಕಾಗದ ಮ್ಯಾಲೆ ಕಾಗದ ಹಾಕಿದ್ರಂತ, ಅದಕ್ಕ ಅದನ್ನೇ ಹಿಗ್ಗಿಸಿದ್ರು. ಕಥಿ ಮೊದ್ಲು ಬಂತು, ರೂಲ್ ಆಮ್ಯಾಲೆ ಬಂತು. ಮೊದಲಿನ ಟೂರ್ನಮೆಂಟಿನಾಗ ಬಲಿ ಗಿಲಿ ಏನಿಲ್ಲ, ಬ್ಲೂ ಐಸ್ ಸೀದಾ ಇಳಿಸ್ತಾರ, ಲೈಫ್ ಪಾಯಿಂಟ್ ಬರೇ 2000. ಬ್ಯಾಟಲ್ ಸಿಟಿ ಬಂದ ಮ್ಯಾಲೆ ಬಲಿ ರೂಲ್ ಬಂತು, ಪಾಯಿಂಟ್ 4000 ಆತು.

ಆ ಮೊದಲಿನ ಟೂರ್ನಮೆಂಟಿನ ಒಂದು ಆಟ ಹೇಳ್ಲೇಬೇಕು. ಯುಗಿ ಎದುರಿಗೆ ಸಮುದ್ರದ ಹುಡುಗ ಮಾಕೊ, ಅವನ ಪ್ರಾಣಿಗಳೆಲ್ಲ ನೀರೊಳಗ ಮುಳುಗಿ ಕುಂತಾವ, ಹೊಡಿಯಾಕ ಸಿಗವಲ್ಲವು. ಯುಗಿ ಹುಣ್ಣಿಮೆ ಚಂದ್ರನ ಕಾರ್ಡ್ ಮೊದಲ ಹಾಕಿರ್ತಾನ, ಈಗ ತನ್ನ ಕಲ್ಲಿನ ಸಿಪಾಯಿಗೆ ಏನು ಹೇಳ್ತಾನ ಅಂದ್ರ, ಹೋಗು, ಆ ಚಂದ್ರಗ ಹೊಡಿ. ಚಂದ್ರ ಒಡೀತದ, ಚಂದ್ರ ಇಲ್ಲಂದ್ರ ಸಮುದ್ರಕ್ಕ ಭರತ ಇಲ್ಲ, ನೀರೆಲ್ಲ ಹಿಂದ ಸರೀತದ, ಮೀನೆಲ್ಲ ಬಯಲಿಗೆ ಬೀಳ್ತಾವ. ಅಸಲಿ ಆಟದ ರೂಲ್ ಬುಕ್ಕಿನಾಗ ಚಂದ್ರಗ ಹೊಡಿಯೋ ಪ್ರಶ್ನೆನೇ ಬರಂಗಿಲ್ಲ. ಇದು ನಮ್ಮ ಬೇವಿನ ಕಟ್ಟಿ ವಾದ. ನೀರು ಎಲ್ಲದ ತೋರ್ಸು ಅಂತ ಕೇಳ್ತಿದ್ವಲ್ಲ, ತಕಾಹಾಶಿನೂ ಅದನ್ನೇ ಕೇಳ್ಕೊಂಡು ಬರೆದಾರ. ಓದಿ ರಾತ್ರಿ ಹನ್ನೆರಡಕ್ಕ ಒಬ್ನೇ ನಕ್ಕೆ, ಅವ್ವ ಎದ್ದು ಬಂದು ದೀಪ ಹಾಕಿ ನೋಡಿ ಹೋದ್ಲು.

ಹಂಪ್ಯಾಗ ಮಂಟಪದ ಹಾಸುಗಲ್ಲಿನ ಮ್ಯಾಲೆ ಆಡು-ಹುಲಿ ಆಟದ ಮನಿ ಕೊರೆದಾರ ನೋಡೀರೇನು? ಕಲ್ಲಿನ ಮ್ಯಾಲೆ ಗೆರಿ ಅದಾವ, ರೂಲ್ ಎಲ್ಲೂ ಬರೆದಿಲ್ಲ. ಇದು ಸುಮ್ನ ನೆನಪಾತು, ಇರ್ಲಿ.

ನಮ್ಮ ಆಟ ಚಂದಿತ್ತು ಅಂತ ಹೇಳ್ತಿದ್ದೀನಿ ಅಂದ್ಕೋಬ್ಯಾಡ್ರಿ. ದನಿ ದೊಡ್ಡದಿದ್ದವ ಗೆಲ್ತಿದ್ದ, ಅಷ್ಟೇ. ಮೂಲಿಮನಿ ಹುಡುಗ ಒಬ್ಬ ಇದ್ದ, ಅವನ ಜೋಡಿ ಎಕ್ಸೋಡಿಯಾ ಜಗಳ ನೆನಸ್ಕೊಂಡ್ರ ಇವತ್ತಿಗೂ ಸಿಟ್ಟು ಬರ್ತದ. ಎಕ್ಸೋಡಿಯಾ ಅಂದ್ರ ಐದು ತುಂಡು, ತಲಿ, ಎರಡು ಕೈ, ಎರಡು ಕಾಲು, ಐದೂ ಕೈಗೆ ಬಂದ್ರ ಆಟ ಅಲ್ಲಿಗೇ ಮುಗೀತು, ನೀ ಗೆದ್ದಿ. ನನ್ನ ಹತ್ರ ಎಡಗಾಲು ನಾಲ್ಕು, ತಲಿ ಒಂದು. ಬಲಗೈ ಮಾತ್ರ ಯಾರ ಹತ್ರಾನೂ ಇಲ್ಲ. ಇಸ್ಲಾಂಪುರದಾಗ ಒಬ್ಬನ ಹತ್ರ ಅದಂತ, ಆನೆಗೊಂದ್ಯಾಗ ಒಬ್ಬನ ಹತ್ರ ಅದಂತ ಅಂತ ಸುದ್ದಿ, ಸೈಕಲ್ ತಗೊಂಡು ಹೋಗಿ ಕೇಳೀವಿ, ಹೋದಲ್ಲೆಲ್ಲ ಎಡಗಾಲೇ ತೋರಿಸ್ತಿದ್ರು. ಟಿವ್ಯಾಗ ಹಡಗಿನ ಎಪಿಸೋಡ್ ಬಂತು, ಹುಳದ ಕಾರ್ಡ್ ಆಡೋ ವೀವಿಲ್ ಅನ್ನಾವ ನೋಡಿ ಕೊಡ್ತೀನಿ ಅಂತ ಯುಗಿ ಕಡೆ ಎಕ್ಸೋಡಿಯಾ ಇಸ್ಕೊಂಡು ಸಮುದ್ರಕ್ಕ ಒಗಿತಾನ. ಮರುದಿನ ಎಡದಂಡಿ ಕಾಲುವಿ ಸೇತುವಿ ಮ್ಯಾಲೆ ನಿಂತಾಗ ಮೂಲಿಮನಿಯವ, "ನಿನ್ನ ತಲಿ ತೋರ್ಸು ಒಮ್ಮೆ" ಅಂದ. ನಾನು ಹುಚ್ಚ, ತೋರ್ಸಿದೆ.

ಕಾಲುವಿ ತುಂಬಿ ಹರ್‍ಯಾಕತ್ತಿತ್ತು, ಭತ್ತದ ನಾಟಿ ಟೈಮು. ಕಾರ್ಡ್ ತಿರುಗ್ತಾ ತಿರುಗ್ತಾ ಬಿದ್ದು ಚಿತ್ರ ಮ್ಯಾಲಾಗಿ ತೇಲ್ತು, ಎಕ್ಸೋಡಿಯಾ ನನ್ನನ್ನೇ ನೋಡ್ಕೊಂತ ಹೋದಂಗ. ದಂಡಿ ಮ್ಯಾಲೆ ಓಡಿದೆ. ಟಿವ್ಯಾಗ ಯುಗಿಯ ಗೆಳೆಯ ಜೋಯಿ ಸಮುದ್ರಕ್ಕ ಜಿಗಿತಾನ, ಐದರಾಗ ಎರಡು ಕಾರ್ಡ್ ತಂದು ಕೊಡ್ತಾನ. ಜೋಯಿಗೆ ಜಪಾನಿ ಹೆಸರು ಜೊನೌಚಿ, ಯುಗಿಯ ಯೂ, ಜೊನೌಚಿಯ ಜೋ ಕೂಡಿಸಿದ್ರ ಯೂಜೋ, ಅವರ ಭಾಷ್ಯಾಗ ಗೆಳೆತನ ಅಂತ. ನನ್ನ ಯೂಜೋಗಳು ಸೇತುವಿ ಮ್ಯಾಲೆ ನಿಂತು ನಗಾಕತ್ತಿದ್ರು. ನಾನೇ ಇಳಿಬೇಕಂತ ಚಪ್ಪಲಿ ಬಿಟ್ಟೆ, ಎಮ್ಮಿ ಹೊಡ್ಕೊಂಡು ಹೊಂಟಿದ್ದ ಒಬ್ಬ ಕಾಕಾ ರಟ್ಟಿ ಹಿಡಿದು ಹಿಂದ ಎಳೆದ, "ಸೆಳವು ಅದಲೇ, ಎಲಿಗೋಸ್ಕರ ಸಾಯ್ತಿಯೇನು" ಅಂತ ಬೆನ್ನಿಗೆ ಒಂದು ಕೊಟ್ಟ. ಅವನೂ ಎಲಿ ಅಂದ ನೋಡ್ರಿ.

2022ರ ಜುಲೈದಾಗ ತಕಾಹಾಶಿ ತೀರಿಕೊಂಡ ಸುದ್ದಿ ಬಂತು, ಒಕಿನಾವಾ ಕಡೆ ಸಮುದ್ರದಾಗ ಹೆಣ ಸಿಕ್ತು, 60 ವರ್ಷ. ಮೊದ್ಲು ನೀರಾಗ ಈಜಾಕ ಹೋಗಿ ಹಿಂಗಾಗಿರ್ಬೇಕು ಅಂತ ಎಲ್ಲಾರೂ ಅಂದ್ಕೊಂಡ್ರು. ಅಕ್ಟೋಬರಿನಾಗ ಇನ್ನೊಂದು ಸುದ್ದಿ ಬಂತು, ಸಮುದ್ರದ ಸೆಳವಿಗೆ ಸಿಕ್ಕ ಮಂದಿನ ಉಳಿಸಾಕ ನೀರಿಗಿಳಿದಿದ್ರಂತ. ಮಿಲ್ಲಿನಾಗ ಕುಂತು ಓದಿದೆ ಅದನ್ನ, ನಾನು ಅಕ್ಕಿ ಗಿರಣ್ಯಾಗ ಲೆಕ್ಕ ಬರೀತೀನಿ, ಹೊರಗ ಸೋನಾ ಮಸೂರಿ ಲೋಡ್ ಆಗಾಕತ್ತಿತ್ತು, ಹಮಾಲರು ಚೀಲ ಎಣಿಸಿ ಕೂಗ್ತಿದ್ರು, ನಾನು ಎರಡು ಸಲ ಲೆಕ್ಕ ತಪ್ಪಿದೆ. ಆ ಎಮ್ಮಿ ಕಾಕಾನ ಕೈ ನೆನಪಾತು. ಸೆಳವು ಅನ್ನೋದು ಏನಂತ ತುಂಗಭದ್ರಾ ದಂಡಿ ಮಂದಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಈಗ ಫೋನಿನಾಗ ಮಾಸ್ಟರ್ ಡ್ಯುಯೆಲ್ ಅಂತ ಯುಗಿಯೋ ಆಟನ ಆಡ್ತೀನಿ, 2022ರ ಜನವರ್‍ಯಾಗ ಬಂದದ್ದು, ಪುಕಟ್ಟೆ. ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು ಒಂದು ಆಟ. ಚಲೋ ಅದ, ಆದ್ರ ಎದುರಿನವ ತನ್ನ ಸರದ್ಯಾಗ ಒಂದು ಕಾರ್ಡ್ ಇಳಿಸ್ತಾನ, ಅದು ಇನ್ನೊಂದು ತರ್ತದ, ಅದು ಮತ್ತೊಂದು, ಸಿಂಕ್ರೋ, ಲಿಂಕ್, ಏನೇನೋ, ನನ್ನ ಸರದಿ ಬರೋದ್ರಾಗ ಲಾರಿ ತೂಕ ಆಗಿ ಬಿಲ್ಲಿಗೆ ಬಂದು ನಿಂತಿರ್ತದ. ರೂಲ್ ಪಕ್ಕಾ, ಜಗಳ ಇಲ್ಲ, ಮೋಸ ಇಲ್ಲ, ಮುಟ್ಟಬಾರದ ಕಾರ್ಡ್ ಮುಟ್ಟಾಕ ಫೋನೇ ಬಿಡಂಗಿಲ್ಲ. ಸೋತ್ರ ಯಾಕ ಸೋತೆ ಅಂತ ತಿಳೀತದ, ಅದು ಖರೇ ದೊಡ್ಡ ಸುಖ, ಬೇವಿನ ಕಟ್ಟಿ ಮ್ಯಾಲೆ ಅದು ಎಂದೂ ತಿಳೀತಿದ್ದಿಲ್ಲ.

ದಸರಾ ಸೂಟಿಗೆ ರಾಯಚೂರಿಂದ ಅಕ್ಕನ ಮಗ ಬಂದಿದ್ದ, ಆರನೇ ಕ್ಲಾಸು. ಡಬ್ಬಿ ತೆಗೆದು ತೋರಿಸಿದೆ. ಒಂದು ಕಾರ್ಡ್ ಬಗ್ಗಿಸಿ ನೋಡಿದ, ಬೆಳಕಿಗೆ ಹಿಡಿದ, "ಮಾಮಾ, ಎಲ್ಲಾ ಫೇಕ್ ಅದಾವು" ಅಂದ. ಗೊತ್ತದಪ್ಪ, ಆಡ್ತೀಯೇನು ಅಂದೆ. ಮಿರ್ಚಿ ಒಗ್ಗರಣಿ ತರ್ಸಿಕೊಂಡು ಜಗುಲಿ ಮ್ಯಾಲೆ ಕುಂತ್ವಿ. ಅಸಲಿ ರೂಲಿನಾಗ ಆಡೋಣಂದ್ರ ಈ 67ರಾಗ ಒಂದು ಸರಿಯಾದ ಕಟ್ಟು ಕೂಡಂಗಿಲ್ಲ, 11 ಬ್ಲೂ ಐಸ್, ನಾಲ್ಕು ಎಡಗಾಲು. ಅದಕ್ಕ ಹಳೇ ರೂಲ್ ಹೇಳಿಕೊಟ್ಟೆ. ಅವಗ ನಂಬಿಕಿ ಬರ್ಲಿಲ್ಲ, ಬರೆದು ಕೊಡು ಅಂದ. ಮಿಲ್ಲಿನ ತೂಕದ ಚೀಟಿ ಹಿಂದ ಬರೆದು ಸಹಿ ಮಾಡಿ ಕೊಟ್ಟೆ. ಎರಡನೇ ಆಟದಾಗ ಅವ ನನ್ನ 9000ದ ಬ್ಲೂ ಐಸ್ ಎದುರಿಗೆ ಕುರಿಬೋ ಇಟ್ಟ, ಗುಂಡಗಿರೋ ಕೂದ್ಲಿನ ಉಂಡಿ, ಅಟ್ಯಾಕ್ 300. ಸತ್ತಿ ನೀ ಅಂದೆ. ಇಲ್ಲ ಮಾಮಾ, ನಿನ್ನ ಡ್ರ್ಯಾಗನ್ನಿಗೆ ಒಂದೇ ರೆಕ್ಕಿ ಅದ, ಹಾರಾಕ ಬರಂಗಿಲ್ಲ, ಬಿದ್ದದ ಅದು ಅಂತಾನ. ರೆಕ್ಕಿ ರಬ್ಬರ್ ಬ್ಯಾಂಡಿಗೆ ಹತ್ತಿ ಹೋಗ್ಯದಲೇ, ಅಟ್ಯಾಕ್ ನಂಬರ್ ನೋಡು ಅಂದೆ. ಚೀಟಿ ತೋರ್ಸಿದ, ಚಿತ್ರದಾಗ ಇದ್ದದ್ದೇ ಖರೇ ಅಂತ ನಾನೇ ಬರೆದಿದ್ದೆ. ಒಳಗಿಂದ ಅವ್ವ, ಹುಡುಗಗೂ ಇಸ್ಪೀಟ್ ಕಲಿಸಿದೇನು ಅಂತ ಬೈಯಾಕತ್ತಿದ್ಲು, ನಾವಿಬ್ರೂ ರೆಕ್ಕಿ ಜಗಳದಾಗ ಇದ್ವಿ, ಮಿರ್ಚಿ ಆರಿ ಹೋತು.